ದೊಡ್ಡಪ್ಪ ತುಂಬಿದ ಕಾಡತೂಸುಗಳು

ಬಸವನ ಬಾಗೇವಾಡಿಯ ಹೊರಗೆ, ಕಲ್ಲು ತೆಗೆಯುವುದು ನಿಂತುಹೋದ ಒಂದು ಖಣಿಯಲ್ಲಿ ನಾನು ರೈಫಲ್ ಅಭ್ಯಾಸ ಮಾಡುತ್ತಿದ್ದೆ. ಅಲ್ಲಿ ಗುಂಡು ಹಾರಿಸುವ ಅನುಮತಿ ಪತ್ರ ದೊಡ್ಡಪ್ಪನ ಹೆಸರಿನಲ್ಲಿತ್ತು. ಅವರು ಹಿಂದೆ ಒಂದು ಚಪ್ಪಡಿಯ ಮೇಲೆ ಕುಳಿತಿರುತ್ತಿದ್ದರು, ನಾನು ತಟ್ಟಿನ ಚೀಲದ ಮೇಲೆ ಬೋರಲು ಮಲಗಿ ಗುರಿ ಹಿಡಿಯುತ್ತಿದ್ದೆ. ಆ ಭಾನುವಾರ ರಾಜ್ಯ ತಂಡದ ಆಯ್ಕೆಯ ಸ್ಪರ್ಧೆಗೆ ಐದು ದಿನ ಉಳಿದಿದ್ದವು.

ರೈಫಲ್ಲಿನ ಕುದುರೆ ಒತ್ತಿದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಟಸ್ ಎಂದಿತು. ಭುಜಕ್ಕೆ ಒದೆತ ಬೀಳಲಿಲ್ಲ. ಕೈಗೆ ರೂಢಿಯಾದ ಕೆಲಸ ಕೈ ಮಾಡಿತು: ಬೋಲ್ಟ್ ಎಳೆದೆ, ಹಿತ್ತಾಳೆಯ ಖಾಲಿ ಕೇಸು ಹೊರಗೆ ಹಾರಿತು, ಇನ್ನೊಂದು ಕಾಡತೂಸನ್ನು ಬೆರಳಿನಲ್ಲಿ ಹಿಡಿದೂ ಆಗಿತ್ತು. ಅದನ್ನು ಒಳಗೆ ತಳ್ಳುವ ಮುಂಚೆ ಏನು ಅನ್ನಿಸಿತೋ, ದುರ್ಬೀನಿನಲ್ಲಿ ಗುರಿಯ ಹಲಗೆ ನೋಡಿದೆ. ಹೊಸ ತೂತು ಇರಲಿಲ್ಲ. ನಳಿಗೆಯನ್ನು ಹಿಂದಿನಿಂದ ನೋಡಿದೆ. ಆ ಕಡೆಯ ಬೆಳಕು ಕಾಣಲಿಲ್ಲ. ಗುಂಡು ಒಳಗೇ ಸಿಕ್ಕಿಕೊಂಡಿತ್ತು. ಎರಡನೆಯದನ್ನು ಹಾರಿಸಿದ್ದರೆ ನಳಿಗೆ ನನ್ನ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತಿತ್ತು.

"ದೊಡ್ಡಪ್ಪಾ," ಎಂದೆ. ಕೈಯಲ್ಲಿದ್ದ ಕಾಡತೂಸನ್ನು ಕೆಳಗಿಟ್ಟೆ. ಎರಡನೆಯ ಸಲ ಕೂಗಿದೆ.

ಅವರು ಬಂದು ಕಬ್ಬಿಣದ ಸರಳು ಹಾಕಿ, ತಟ್ಟಿ ತಟ್ಟಿ ಗುಂಡನ್ನು ಹೊರಗೆ ತಂದರು. "ಕ್ಯಾಪಿಗೆ ಥಂಡಿ ಹಿಡದೈತಿ. ಸಾವಿರಕ್ಕ ಒಂದು ಹಿಂಗ ಆಗ್ತೈತವ್ವಾ. ಅಂಜಬ್ಯಾಡ," ಎಂದರು.

ನಾನು ಖಾಲಿ ಕೇಸನ್ನು ಎತ್ತಿ ನೋಡಿದ್ದೆ. ಮದ್ದು ಉರಿದರೆ ಒಳಗೆ ಕಪ್ಪು ಹಿಡಿಯುತ್ತದೆ. ಇದರೊಳಗೆ ಹಿತ್ತಾಳೆ ಹೊಳೆಯುತ್ತಿತ್ತು. ಅದರಲ್ಲಿ ಮದ್ದನ್ನೇ ಹಾಕಿರಲಿಲ್ಲ.

ದೊಡ್ಡಪ್ಪ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುವ ವಿಭಾಗದಲ್ಲಿದ್ದವರು. ನಿವೃತ್ತಿಯಾದ ಮೇಲೆ ತಾವೇ ಸ್ಪರ್ಧೆಗಳಲ್ಲಿ ಆಡಿದರು, ಆಮೇಲೆ ನನ್ನನ್ನು ತಯಾರು ಮಾಡಿದರು. ನನ್ನಪ್ಪ ಇಲ್ಲ. ನಾನು ಅವ್ವನ ಜೊತೆ ಇಂಡಿಯಲ್ಲಿ ಇದ್ದು, ಒಂದು ಸಾಲೆಯಲ್ಲಿ ಆಟದ ಅತಿಥಿ ಶಿಕ್ಷಕಿಯಾಗಿದ್ದೆ. ಪ್ರತಿ ವರ್ಷ ಬೇಸಿಗೆ ಬಂತೆಂದರೆ ಆ ಕೆಲಸ ಇರುತ್ತದೋ ಹೋಗುತ್ತದೋ ಗೊತ್ತಿರುತ್ತಿರಲಿಲ್ಲ. ಕ್ರೀಡಾ ಕೋಟಾದಲ್ಲಿ ಸರಕಾರಿ ನೌಕರಿ ಸಿಗಬೇಕಾದರೆ ರಾಜ್ಯ ತಂಡಕ್ಕೆ ಒಮ್ಮೆಯಾದರೂ ಆಯ್ಕೆಯಾಗಿರಬೇಕು. ಎರಡು ವರ್ಷ ಕೂದಲೆಳೆಯಲ್ಲಿ ತಪ್ಪಿತ್ತು. ನೌಕರಿಯ ವಯಸ್ಸಿನ ಮಿತಿ ನನಗೆ ಆ ವರ್ಷಕ್ಕೆ ಮುಗಿಯುತ್ತಿತ್ತು. ಇದು ಕೊನೆಯದು ಎಂದು ನನಗೂ ಗೊತ್ತಿತ್ತು, ದೊಡ್ಡಪ್ಪನಿಗೂ ಗೊತ್ತಿತ್ತು.

ನನ್ನದರಂಥ ದೊಡ್ಡ ಬೋರಿನ, ಅಗಲ ನಳಿಗೆಯ ರೈಫಲ್ಲಿಗೆ ಹೊಸ ಕಾಡತೂಸು ಬೇಕಾದಷ್ಟು ಸಿಗುವುದಿಲ್ಲ. ಲೈಸನ್ಸಿನಲ್ಲಿ ವರ್ಷಕ್ಕೆ ಇಷ್ಟು ಎಂದು ಬರೆದಿರುತ್ತಾರೆ, ಅದೂ ಅಂಗಡಿಗೆ ಬಂದಾಗ. ನನ್ನ ಪಾಲಿನದು ಮುಗಿದು ಹೊಸ ಕಾಡತೂಸು ಐದೇ ಐದು ಉಳಿದಿದ್ದವು. ಮಿಕ್ಕದ್ದೆಲ್ಲ ದೊಡ್ಡಪ್ಪ ತುಂಬಿಕೊಟ್ಟದ್ದು. ಹಾರಿಸಿದ ಖಾಲಿ ಕೇಸುಗಳನ್ನು ಅವರು ತೊಳೆದು ಒಣಗಿಸಿ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕ್ಯಾಪು ಕೂರಿಸಿ, ಮದ್ದು ಸುರಿದು, ಬಾಯಿಗೆ ಗುಂಡು ಒತ್ತುತ್ತಿದ್ದರು. ಹಿತ್ತಲ ಕೋಣೆಯಲ್ಲಿ ಅದಕ್ಕೊಂದು ಮೇಜಿತ್ತು. ಅವರು ಕೆಲಸ ಮಾಡುವಾಗ ಯಾರೂ ಮಾತಾಡಿಸಬಾರದು, ಫ್ಯಾನು ಹಚ್ಚಬಾರದು. ಏಳು ವರ್ಷ ನಾನು ಅವರು ತುಂಬಿದ್ದನ್ನು ಕಣ್ಣು ಮುಚ್ಚಿ ಹಾರಿಸಿದ್ದೆ. ಕೆನ್ನೆಯನ್ನು ರೈಫಲ್ಲಿಗೆ ಆನಿಸಿ ಮಲಗುವಾಗ ಒಳಗೆ ಏನಿದೆ ಎಂದು ಒಂದು ಸಲವೂ ಯೋಚಿಸಿದವಳಲ್ಲ.

ಖಣಿಯಿಂದ ಮನೆಗೆ ಬಂದೆವು. ದೊಡ್ಡವ್ವ ಚಹಾದ ಕೆಟಲಿ ಮತ್ತು ಕಪ್ಪು ತಂದಿಟ್ಟರು. ದೊಡ್ಡಪ್ಪ ಕಪ್ಪಿನ ಅಂಚಿಗೆ ಬೆರಳಿಟ್ಟು, ಬೆರಳಿಗೆ ಬಿಸಿ ತಾಕುವವರೆಗೆ ಚಹಾ ಸುರಿದರು. ಹಿಂದೆಯೂ ಹಾಗೆ ಮಾಡಿದ್ದನ್ನು ನಾನು ಕಂಡಿದ್ದೆ. ವಯಸ್ಸಾದವರ ಚಾಳಿ ಅಂದುಕೊಂಡಿದ್ದೆ. ಅವರು ಕೈಕಾಲು ತೊಳೆಯಲು ಹೋದಾಗ ಒಳಮನೆಯಲ್ಲಿ ದೊಡ್ಡವ್ವನ ಕೈ ಹಿಡಿದು ಕೇಳಿದೆ.

"ದೊಡ್ಡಪ್ಪಗ ಕಣ್ಣ ಕಾಣ್ತಾವೋ ಇಲ್ಲೋ, ಖರೇ ಹೇಳ್ರಿ."

ದೊಡ್ಡವ್ವ ಬಾಗಿಲ ಕಡೆ ನೋಡಿದರು. "ಮೂರು ತಿಂಗಳಾತು. ಶುಗರ್ ಕಣ್ಣಿಗೆ ಇಳದೈತಂತ. ಮುಂದ ಹಿಡದದ್ದು ಮಂಜ ಮಂಜ ಕಾಣ್ತೈತಿ, ನಡುವ ಒಂದು ಕರಿ ಚುಕ್ಕಿ ಅಂತಾರ. ಪೇಪರ್ ಬರೇ ತಿರುವಿ ಹಾಕ್ತಾರ, ಓದಂಗಿಲ್ಲ. ನಿನ್ನ ಆಯ್ಕಿ ಮುಗಿಯೂತನ ಹೇಳಿದ್ರ ನೋಡು ಅಂತ ಆಣಿ ಹಾಕ್ಯಾರ."

ಆಯ್ಕೆಗೆಂದು ಅವರು ತುಂಬಿಟ್ಟ ಐವತ್ತು ಕಾಡತೂಸುಗಳ ಡಬ್ಬಿ ನನ್ನ ಚೀಲದಲ್ಲಿತ್ತು. ಖಣಿಯಲ್ಲಿ ಟಸ್ ಎಂದದ್ದು ಆ ಸಲ ತುಂಬಿದ್ದರಲ್ಲೇ ಒಂದು. ಒಂದಕ್ಕೆ ಮದ್ದು ಹಾಕುವುದು ಮರೆತವರು ಇನ್ನೊಂದಕ್ಕೆ ಹೆಚ್ಚು ಸುರಿದಿರಲಿಕ್ಕಿಲ್ಲ ಎಂದು ಹೇಗೆ ನಂಬಲಿ? ರೈಫಲ್ಲನ್ನು ಅವರ ಕಬ್ಬಿಣದ ಕಪಾಟಿನಲ್ಲಿಟ್ಟು, ಡಬ್ಬಿ ಹಿಡಿದುಕೊಂಡು ಇಂಡಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗಲೆಲ್ಲ ಡಬ್ಬಿಯ ಮೇಲೆ ಕೈ ಇಡುತ್ತಿದ್ದೆ.

ಸೋಮವಾರ ಸಾಲೆಗೆ ರಜೆ ಹಾಕಿ ಸಿಂದಗಿಗೆ ಹೋದೆ. ಅವ್ವನ ಕಡೆಯವರಿಗೆ ಒಡವೆ ಮಾಡಿಕೊಡುವ ಪತ್ತಾರರ ಅಂಗಡಿ ಅಲ್ಲಿತ್ತು. ಗಾಜಿನ ಪೆಟ್ಟಿಗೆಯೊಳಗೆ ಇಡುವ ಅವರ ತಕ್ಕಡಿ ಒಂದು ಕೂದಲಿನ ತೂಕವನ್ನೂ ತೋರಿಸುತ್ತದೆ ಎಂದು ನನಗೆ ನೆನಪಿತ್ತು. ಡಬ್ಬಿ ತೆರೆದಾಗ ಪತ್ತಾರರು ಕುರ್ಚಿ ಹಿಂದೆ ಸರಿಸಿದರು.

"ಇಲ್ಲೆ ಬೆಂಕಿ ಒಲಿ ಐತಿ ತಂಗಿ. ಇದೇನು ತಂದೀ?"

ನನ್ನ ಲೈಸನ್ಸ್ ತೋರಿಸಿದೆ. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಅವರು ಎದ್ದು ಹೋಗಿ ಒಲೆ ಆರಿಸಿ, ಅಂಗಡಿಯ ಬಾಗಿಲು ಅರ್ಧ ಮುಂದೆ ಮಾಡಿ, "ಒಂದೊಂದ ಕೊಡು," ಎಂದರು.

ಐವತ್ತನ್ನೂ ತೂಗಿದರು. ನಾನು ಬರೆದುಕೊಂಡೆ. ನಾಲ್ಕು ಎದ್ದು ಕಾಣುವಷ್ಟು ಹಗುರ ಬಂದವು. ಅವನ್ನು ಬೇರೆ ಇಟ್ಟೆ. ಮೂರು ಭಾರ ಬಂದವು, ಅವನ್ನೂ ಬೇರೆ ಇಟ್ಟೆ. ಉಳಿದ ನಲವತ್ತಮೂರೂ ಒಂದಕ್ಕೊಂದು ಹತ್ತಿರ ಹತ್ತಿರ ಇದ್ದವು. ಸ್ಪರ್ಧೆ ನಲವತ್ತು ಗುಂಡಿನದು. ಇಷ್ಟಿದ್ದರೆ ಸಾಕಲ್ಲ ಎಂದುಕೊಂಡೆ.

"ಇವು ಬರೋಬ್ಬರಿ ಅದಾವ ಅಲ್ಲೇನ್ರಿ?"

ಪತ್ತಾರರು ಒಂದನ್ನು ಬೆರಳಲ್ಲಿ ಹೊರಳಿಸಿ ನೋಡಿದರು. "ತೂಕ ಬರೋಬ್ಬರಿ ಐತಿ. ಬಂಗಾರ ಆಗಿದ್ರ ಒರಿಗಲ್ಲಿಗೆ ತಿಕ್ಕಿ ಹೇಳ್ತಿದ್ದೆ. ಇದರ ಹೊಟ್ಯಾಗ ಏನೈತಿ ಅನ್ನೂದು ನನ್ನ ತಕ್ಕಡಿ ಹೇಳಂಗಿಲ್ಲವ್ವಾ. ಇಷ್ಟ ನಂಬಿ ನೀ ಬಂದೂಕಿಗೆ ಮಾರಿ ಹಚ್ಚಬ್ಯಾಡ."

ಆ ಮಾತು ತಲೆಯಲ್ಲಿ ಕುಳಿತುಬಿಟ್ಟಿತು. ಮಂಗಳವಾರ ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿ ದೊಡ್ಡಪ್ಪನ ಪರಿಚಯದ ವಕೀಲರೊಬ್ಬರ ಹತ್ತಿರ ನನ್ನದೇ ಬೋರಿನ ರೈಫಲ್ ಇತ್ತು. ಅವರದು ತಂದೆಯ ಕಾಲದಿಂದ ಬಂದದ್ದು, ಹಾರಿಸುತ್ತಿರಲಿಲ್ಲ. ಆದರೆ ಪ್ರತಿ ವರ್ಷ ಹೊಸ ಕಾಡತೂಸು ತಂದಿಡುತ್ತಿದ್ದರು. ಅವರ ಮನೆಯವರು ನನಗೆ ಊಟಕ್ಕೆ ಬಡಿಸಿದರು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದೆ. ಊಟದ ತಾಟಿನ ಮುಂದೆ ಕುಳಿತೇ ಕೇಳಿದೆ.

"ನಲವತ್ತ ಕೊಡ್ರಿ ಸಾಹೇಬ್ರ. ಅಂಗಡಿಗೆ ಬಂದ ಕೂಡ್ಲೆ ನಿಮಗ ತಿರಗಿ ಕೊಡ್ತೇನಿ. ಇದು ನನ್ನ ಕೊನೀ ಸಲ."

ವಕೀಲರು ಪಾಪ, ಕೆಟ್ಟವರಲ್ಲ. ಬೀರು ತೆಗೆದು ಪೆಟ್ಟಿಗೆಗಳನ್ನು ತೋರಿಸಿದರು. ಸೀಲೂ ಒಡೆದಿರಲಿಲ್ಲ. "ನೋಡವ್ವಾ, ಅದಾವ. ಆದ್ರ ನನ್ನ ಲೈಸನ್ಸಿಂದು ನಿನ್ನ ಕೈಯಾಗ ಕೊಟ್ಟೆ ಅಂದ್ರ ನಾನೂ ಒಳಗ, ನೀನೂ ಒಳಗ. ನೌಕರಿ ಸಿಗೂದು ಅತ್ಲಾಗ ಇರಲಿ, ನಿನ್ನ ಮ್ಯಾಲೆ ಕೇಸ್ ಬಿದ್ರ ಯಾವ ನೌಕರೀನೂ ಸಿಗಂಗಿಲ್ಲ. ನಿಮ್ಮ ದೊಡ್ಡಪ್ಪಗ ತನ್ನ ಆಟಕ್ಕ ತುಂಬಿಕೊಳ್ಳಾಕ ಪರವಾನಿಗಿ ಐತಿ. ನಿನಗ ತುಂಬಿಕೊಡೋದು ಅದರಾಗ ಬರ್ತೈತೋ ಇಲ್ಲೋ, ಯಾವಾಗರ ಕೇಳೀದಿ?"

ಕೇಳಿರಲಿಲ್ಲ. ಮನೆಯವರೊಬ್ಬರು ಮಾಡಿಕೊಡುವುದಕ್ಕೆ ಯಾರ ಅಪ್ಪಣೆ ಎಂದುಕೊಂಡಿದ್ದೆ. ನಾನು ಎದ್ದು ಅವರ ಕಾಲಿಗೆ ಬಿದ್ದೆ. ಕೈ ತೊಳೆದಿರಲಿಲ್ಲ, ಪಲ್ಯದ ಎಣ್ಣೆ ಅವರ ಬಿಳಿ ಧೋತರಕ್ಕೆ ಹತ್ತಿತು. ಅವರು ಹಿಂದೆ ಸರಿದು, "ಏಳವ್ವಾ, ಹಿಂಗ ಮಾಡಬ್ಯಾಡ, ಏಳು," ಎನ್ನುತ್ತ ಬೀರುವಿನ ಬಾಗಿಲು ಹಾಕಿ ಕೀಲಿ ತಿರುವಿದರು.

ಬಾಗೇವಾಡಿ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಎರಡು ದಿನ ನುಂಗಿಕೊಂಡದ್ದೆಲ್ಲ ಬಾಗಿಲಲ್ಲೇ ಹೊರಗೆ ಬಿತ್ತು. ಹುಟ್ಟಿದಾಗಿನಿಂದ ದೊಡ್ಡಪ್ಪನಿಗೆ 'ರಿ' ಹಚ್ಚಿ ಮಾತಾಡಿದವಳು ನಾನು. ಅವತ್ತು, "ನೀ ಯಾಕ ಹೇಳಲಿಲ್ಲ? ನಿನಗ ಕಣ್ಣ ಕಾಣವಲ್ವು ಅಂತ ಯಾಕ ಹೇಳಲಿಲ್ಲ?" ಎಂದೆ.

ದೊಡ್ಡಪ್ಪ ಪಡಸಾಲೆಯಲ್ಲಿ ಕುಳಿತಿದ್ದವರು ಏಳಲಿಲ್ಲ. "ಹೇಳಿದ್ರ ನೀ ಹಾರಸ್ತಿದ್ದೇನು?" ಎಂದರು. ಅಂಗೈಗಳನ್ನು ಒಂದಕ್ಕೊಂದು ಒರೆಸಿಕೊಂಡು, "ಕೈಗೆ ಗೊತ್ತೈತಿ ಅನಕೊಂಡೆ. ನಲವತ್ತ ವರ್ಷ ಮಾಡಿದ ಕೈ. ಕಣ್ಣಿಂದು ಏನೈತಿ ಅನಕೊಂಡೆ. ತಾ ಇಲ್ಲೆ. ಎಲ್ಲಾ ಬಿಚ್ಚಿ ಮತ್ತ ತುಂಬತೇನಿ," ಎಂದು ಕೈ ಚಾಚಿದರು.

"ಯಾವ ಕಣ್ಣಿಲೆ ತುಂಬತೀ?"

ಆ ಮಾತನ್ನು ಆಡಬಾರದಿತ್ತು. ಚಾಚಿದ ಕೈ ಹಾಗೆಯೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಮಡಿಲಿಗೆ ಇಳಿಯಿತು. ದೊಡ್ಡವ್ವ ಒಳಗಿಂದ ಬಂದು ನನ್ನನ್ನು ದರದರ ಎಳೆದುಕೊಂಡು ಹೋದರು.

ಬುಧವಾರ ಬೆಳಿಗ್ಗೆ ಅವರೇ ಕರೆದರು. "ನೀ ನೋಡು, ನಾ ಹೇಳ್ತೇನಿ. ಒಂದ ಬಿಚ್ಚೂಣು," ಎಂದರು. ಕಿಟಕಿಯ ಬಿಸಿಲಿಗೆ ಮೇಜು ಎಳೆದೆವು. ತೂಕ ಸರಿ ಬಂದದ್ದರಲ್ಲಿ ಒಂದನ್ನು ತೆಗೆದುಕೊಂಡು ಅವರು ಗುಂಡನ್ನು ಕಿತ್ತು, ಒಳಗಿನ ಮದ್ದನ್ನು ಬಿಳಿ ಹಾಳೆಯ ಮೇಲೆ ಸುರಿದರು. ಸಣ್ಣ ಸಣ್ಣ ಕಡ್ಡಿಯಂಥ ಕಾಳು. ಇನ್ನೊಂದನ್ನು ಬಿಚ್ಚಿದರು. ಅದೂ ಹಾಗೇ ಇತ್ತು. ಮೂರನೆಯದನ್ನು ಸುರಿದಾಗ ನಾನು ಬಗ್ಗಿ ನೋಡಿದೆ. ಇದರಲ್ಲಿ ಕಡ್ಡಿಗಳ ನಡುವೆ ಚಪ್ಪಟೆ ಚೂರುಗಳಿದ್ದವು, ಹುಡಿಗೊಳಿಸಿದ ಅಭ್ರಕದ ಹಾಗೆ.

"ದೊಡ್ಡಪ್ಪಾ, ಇದು ಬ್ಯಾರೆ ಕಾಣಾಕತ್ತೈತ್ರಿ."

ಅವರು ಒಂದು ಚಿಟಿಕೆ ಎತ್ತಿ ಹೆಬ್ಬೆಟ್ಟು ತೋರುಬೆರಳಿನ ನಡುವೆ ತಿಕ್ಕಿದರು. ಮತ್ತೆ ತಿಕ್ಕಿದರು. ಎದ್ದು, ತಡವಿಕೊಂಡು ಕಪಾಟಿನ ಎರಡು ಡಬ್ಬಗಳನ್ನು ತಂದು ನನ್ನ ಮುಂದಿಟ್ಟರು. "ಓದು. ಯಾವುದು ಯಾವುದು?"

ಒಂದು ರೈಫಲ್ಲಿನ ಮದ್ದು. ಇನ್ನೊಂದು ಛರ್ರೆಯ, ಎಂದರೆ ಸಣ್ಣ ಸೀಸದ ಕಾಳು ಹಾರಿಸುವ ಬಂದೂಕಿನದು, ಅದು ಬಹಳ ಬೇಗ, ಒಮ್ಮೆಲೇ ಉರಿಯುವಂಥದ್ದು. ರೈಫಲ್ಲಿನ ಕಾಡತೂಸಿನಲ್ಲಿ ಅದು ಬಿದ್ದರೆ ರೈಫಲ್ ಉಳಿಯುವುದಿಲ್ಲ, ಹಿಡಿದವರೂ ಉಳಿಯುವುದಿಲ್ಲ. ಎರಡೂ ಡಬ್ಬ ಒಂದೇ ಎತ್ತರದವು. ರೈಫಲ್ಲಿನ ಡಬ್ಬದ ಮುಚ್ಚಳ ತೆಗೆದು ನೋಡಿದೆ. ಅದರಲ್ಲೂ ಮೇಲ್ಮೇಲೆ ಚಪ್ಪಟೆ ಚೂರುಗಳು. ಛರ್ರೆಯದನ್ನು ತುಂಬುವಾಗ ಉಳಿದ ಮದ್ದನ್ನು ದೊಡ್ಡಪ್ಪ ಕಾಣದೆ ರೈಫಲ್ಲಿನ ಡಬ್ಬಕ್ಕೆ ತಿರುಗಿ ಸುರಿದಿದ್ದರು. ಇನ್ನು ಬಿಚ್ಚಿ ತುಂಬಲಿಕ್ಕೂ ಒಳ್ಳೆಯ ಮದ್ದು ಇರಲಿಲ್ಲ.

ದೊಡ್ಡಪ್ಪ ನೆಲದ ಮೇಲೆ ಕುಳಿತುಬಿಟ್ಟರು. ಅವರು ಅಳುವುದನ್ನು ನಾನು ನೋಡಿರಲಿಲ್ಲ. ಅಂಗೈಯಿಂದ ಹಣೆ ಬಡಿದುಕೊಂಡು, "ನಾ ನಿನ್ನ ಕೊಲ್ಲತಿದ್ನೆಲ್ಲವಾ, ಕೊಲ್ಲತಿದ್ನೆಲ್ಲ," ಎನ್ನತೊಡಗಿದರು. ನಾನು ಆ ಕೈ ಹಿಡಿದುಕೊಂಡೆ. ಸಿಟ್ಟು ಯಾವಾಗಲೋ ಹೋಗಿತ್ತು. ಇನ್ನು ಏನು ಮಾಡುವುದು ಎಂಬುದೊಂದೇ ಉಳಿದಿತ್ತು.

ಗುರುವಾರ ರೈಫಲ್ ತೆಗೆದುಕೊಂಡು, ಸ್ಪರ್ಧೆ ನಡೆಯುವ ಬೆಳಗಾವಿಗೆ ಹೊರಟೆ. ಅಲ್ಲಿ ಯಾರಾದರೂ ದಾರಿ ತೋರಿಸಿಯಾರು ಎಂಬ ಆಸೆ. "ಆ ಡಬ್ಬಿ ಇಲ್ಲೇ ಇಟ್ಟ ಹೋಗು. ಎಣ್ಣ್ಯಾಗ ಮುಳುಗಿಸಿ ಮದ್ದು ಕೆಡಸ್ತೇನಿ," ಎಂದರು ದೊಡ್ಡಪ್ಪ. "ಇಟ್ಟೇನ್ರಿ," ಎಂದೆ. ಅವರು ನನ್ನ ಎದುರಿಗೇ ನಿಂತಿದ್ದರು. ನಾನು ಆ ಡಬ್ಬಿಯನ್ನು ಎತ್ತಿ ಚೀಲದೊಳಗೆ ಹಾಕಿಕೊಂಡೆ. ಅವರಿಗೆ ಕಾಣಲಿಲ್ಲ. ಹಾಗೇಕೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಿಚ್ಚಿದ ಮೂರರಲ್ಲಿ ಎರಡು ಸರಿ ಇದ್ದವಲ್ಲ, ಉಳಿದವೂ ಸರಿ ಇರಬಹುದು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಮೂವತ್ತರ ಹತ್ತಿರ ಬಂದು, ಕೈಯಲ್ಲಿ ಏನೂ ಇಲ್ಲದವಳ ಮನಸ್ಸು ಎಂಥ ಲೆಕ್ಕವನ್ನಾದರೂ ಹಾಕುತ್ತದೆ.

ಅಲ್ಲಿಯ ಶೂಟಿಂಗ್ ರೇಂಜಿನಲ್ಲಿ ಅಧಿಕಾರಿಗಳನ್ನು ಕೇಳಿದೆ. ಗುಂಡು ಅವರವರೇ ತರಬೇಕು ಎಂದರು. ಬೇರೆಯವರನ್ನು ಕೇಳಿದೆ. ನನ್ನ ಬೋರಿನವರ ಹತ್ತಿರ ತಮ್ಮಷ್ಟಕ್ಕೆ ಸಾಲುವಷ್ಟೇ ಇತ್ತು. ಶುಕ್ರವಾರ ನನ್ನ ಪಕ್ಕದ ಜಾಗ ಪೊಲೀಸ್ ಇಲಾಖೆಯ ಒಬ್ಬ ಹೆಂಗಸಿಗೆ ಬಂದಿತ್ತು. ಗುರಿ ಹಿಡಿದು ಮಲಗುವ ಮುಂಚೆ ಆಕೆ ನನ್ನ ಕಡೆ ನೋಡಿ ನಕ್ಕು, "ನನ್ನ ಮಗಳು ಮುಂಜಾನೆಯಿಂದ ಆರು ಸಲ ಫೋನ್ ಮಾಡ್ಯಾಳ್ರಿ, ಗೆದ್ದಿಯೇನ್ ಅಂತ. ಇನ್ನಾ ಶುರುನ ಆಗಿಲ್ಲ," ಎಂದರು.

ಹೊಸ ಐದನ್ನು ಹಾರಿಸಿದೆ. ಐದೂ ಕರಿ ವೃತ್ತದ ನಡುವೆ ಬಿದ್ದವು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಹೊಡೆದಿರಲಿಲ್ಲ. ಕೈ ಚೀಲದೊಳಗೆ ಹೋಗಿ ಡಬ್ಬಿ ತೆಗೆಯಿತು, ಒಂದು ಕಾಡತೂಸು ಬೆರಳಿಗೆ ಬಂತು. ಪಕ್ಕದಲ್ಲಿ ಆ ಹೆಂಗಸು ಉಸಿರು ಬಿಗಿಹಿಡಿದು ಗುರಿ ನೋಡುತ್ತಿದ್ದರು. ಅವರ ಕೆನ್ನೆ ನನ್ನ ರೈಫಲ್ಲಿನಿಂದ ಎರಡು ಮೊಳ ದೂರವೂ ಇರಲಿಲ್ಲ. ಸಿಡಿದರೆ ನನ್ನ ಒಬ್ಬಳ ಮುಖಕ್ಕೇ ಬಂದು ನಿಲ್ಲುತ್ತದೆ ಎಂದು ಯಾರು ಹೇಳಿದರು? ಬೆವರಿಗೆ ಕಾಡತೂಸು ಜಾರಿತು. ಎತ್ತಿ ಡಬ್ಬಿಗೆ ಹಾಕಿದೆ. ಬೋಲ್ಟ್ ತೆರೆದಿಟ್ಟು, ತೋಳಿನ ಮೇಲೆ ತಲೆ ಇಟ್ಟು ಮಲಗಿದೆ. ಎರಡೂ ಕಡೆ ಎಲ್ಲರೂ ಹಾರಿಸುತ್ತಿದ್ದರು. ಅಧಿಕಾರಿ ಬಂದು ಬಗ್ಗಿ, "ಯಾಕಮ್ಮಾ, ಏನಾಯಿತು?" ಎಂದು ಕೇಳಿದರು. "ಗುಂಡು ಇಲ್ಲ ಸರ್," ಎಂದೆ. ಅವರ ಕಣ್ಣು ನನ್ನ ತುಂಬಿದ ಡಬ್ಬಿಯ ಮೇಲೆ ಇತ್ತು. ಪಟ್ಟಿಯಲ್ಲಿ ಏನೋ ಬರೆದುಕೊಂಡು ಮುಂದೆ ಹೋದರು.

ಫೋನನ್ನು ಆ ದಿನವೆಲ್ಲ ಬಂದ್ ಮಾಡಿಟ್ಟಿದ್ದೆ, ಆಮೇಲೂ ತೆರೆಯಲಿಲ್ಲ. ಶನಿವಾರ ಬಾಗೇವಾಡಿಗೆ ಬಂದಾಗ ದೊಡ್ಡವ್ವ ಓಣಿಯ ಬಾಯಲ್ಲೇ ನಿಂತಿದ್ದರು. ನನ್ನ ಮುಖ, ಕೈ, ಭುಜ ಎಲ್ಲ ಮುಟ್ಟಿ ನೋಡಿ, ಆಮೇಲೆ ಬೆನ್ನಿಗೊಂದು ಹೊಡೆದರು. ನಾನು ಬಸ್ಸು ಹತ್ತಿದ ಸ್ವಲ್ಪ ಹೊತ್ತಿಗೇ ದೊಡ್ಡಪ್ಪ ಮೇಜನ್ನು ತಡವಿ, ಡಬ್ಬಿ ಇಲ್ಲ ಎಂದು ತಿಳಿದುಕೊಂಡಿದ್ದರಂತೆ. ಆಗಿನಿಂದ ಊಟ ಬಿಟ್ಟು ಫೋನ್ ಹಿಡಿದು ಕುಳಿತಿದ್ದರು. ಗುರುವಾರ ಬಸ್ಸಿನ ಗದ್ದಲದಲ್ಲಿ ನಾನು ಫೋನ್ ಎತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅವರ ನಂಬರು ನೋಡಿಯೇ ಎತ್ತಿರಲಿಲ್ಲ.

ಒಳಗೆ ಹೋಗಿ ಡಬ್ಬಿಯನ್ನು ದೊಡ್ಡಪ್ಪನ ತೊಡೆಯ ಮೇಲಿಟ್ಟೆ. ಅವರು ಮುಚ್ಚಳ ತೆಗೆದು ಒಂದೊಂದೇ ಕಾಡತೂಸಿನ ಬುಡವನ್ನು ಬೆರಳಿನಿಂದ ಮುಟ್ಟುತ್ತ ಹೋದರು. ಹಾರಿಸಿದ್ದಾದರೆ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ. ಕೊನೆಯದರವರೆಗೂ ಮುಟ್ಟಿದರು.

"ಒಂದೂ ಹೊಡದಿಲ್ಲ," ಎಂದರು.

"ಇಲ್ರಿ."

"ಆಯ್ಕಿ ಹೋತು."

"ಹೋತ್ರಿ."

ಅವರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಎದೆಗೆ ಒತ್ತಿಕೊಂಡರು. ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ನನಗೆ ಸಮಾಧಾನವಾಯಿತು ಎಂದು ಹೇಳಲಾರೆ. ನನ್ನ ಎದೆಯೊಳಗೆ ಏನೋ ಕುಸಿದು ಬಿದ್ದಿತ್ತು. ಅದು ಇವತ್ತಿಗೂ ಪೂರ್ತಿ ಎದ್ದಿಲ್ಲ.

ನೌಕರಿಯ ವಯಸ್ಸು ದಾಟಿತು. ಈಗಲೂ ಅದೇ ಸಾಲೆಯಲ್ಲಿ ಅತಿಥಿ ಶಿಕ್ಷಕಿ. ಎರಡು ತಿಂಗಳ ನಂತರ ದೊಡ್ಡಪ್ಪ ತಮ್ಮ ಲೈಸನ್ಸು ಒಪ್ಪಿಸುತ್ತೇನೆ ಎಂದಾಗ ನಾನೇ ಜೊತೆಗೆ ಸರಕಾರಿ ಕಚೇರಿಗೆ ಹೋದೆ. ಬಂದೂಕು, ಮದ್ದಿನ ಡಬ್ಬಗಳು, ತುಂಬುವ ಸಾಮಾನು ಎಲ್ಲವನ್ನೂ ಪಟ್ಟಿ ಮಾಡಿ ಬರೆದುಕೊಂಡ ಗುಮಾಸ್ತರು ಕಾಗದ ಮುಂದೆ ಸರಿಸಿ, ಸಹಿ ಮಾಡುವ ಜಾಗ ತೋರಿಸಿದರು. ದೊಡ್ಡಪ್ಪನ ಪೆನ್ನು ಕಾಗದದ ಮೇಲೆ ಅಲೆದಾಡಿತು. "ಕಾಣದಿದ್ರ ಹೆಬ್ಬಟ್ಟ ಒತ್ತರಿ, ನಡೀತೈತಿ," ಎಂದರು ಗುಮಾಸ್ತರು.

"ಬ್ಯಾಡ್ರಿ," ಎಂದರು ದೊಡ್ಡಪ್ಪ. ನನ್ನ ಕಡೆ ತಿರುಗಿ, "ಜಾಗಾ ತೋರಸು," ಎಂದರು.

ನಾನು ಅವರ ಎಡಗೈಯ ಬೆರಳನ್ನು ಹಿಡಿದು ಗೆರೆಯ ಮೇಲೆ ಇಟ್ಟೆ. ಅವರು ಆ ಬೆರಳಿಗೆ ಪೆನ್ನು ತಾಗಿಸಿಕೊಂಡು, ನಿಧಾನವಾಗಿ, ಒಂದಕ್ಷರವೂ ತಪ್ಪದೆ ಪೂರ್ತಿ ಹೆಸರು ಬರೆದರು.